ಮನೆ ಮನೆಗೆ ಹೋಗಿ ಮಾರುವ ಕಮೀಷನ್ ಕೆಲಸ: ಒಪ್ಪುವ ಮೊದಲು ಲೆಕ್ಕ ಹಾಕಿರಿ



ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಮುಂಗಾರು ಬರುವವರೆಗೆ ಮನೆಯಲ್ಲಿ ಕೈಗಳು ಬಿಡುವಾಗಿರುತ್ತವೆ. ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ, ಏನಾದರೂ ಒಂದು ಕೆಲಸ ಸಿಕ್ಕರೆ ಸಾಕೆಂದು ತಂದೆತಾಯಿಗಳು ಬಯಸುವುದು ಸಹಜವೇ. ಇಂಥ ಹೊತ್ತಿನಲ್ಲಿ ಬಸ್ ನಿಲ್ದಾಣದ ಗೋಡೆಯ ಮೇಲೋ ಕೈಯಲ್ಲಿರುವ ಫೋನಿನಲ್ಲೋ ಒಂದು ಪ್ರಕಟಣೆ ಕಾಣುತ್ತದೆ. ಅನುಭವ ಬೇಕಿಲ್ಲ, ಊರಿನಲ್ಲೇ ಕೆಲಸ, ಸಂಪಾದನೆಗೆ ಮಿತಿಯೇ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ವಿಚಾರಿಸಿದರೆ ತಿಳಿಯುವುದು ಇಷ್ಟು: ನೀರು ಶುದ್ಧ ಮಾಡುವ ಯಂತ್ರ, ಅಡುಗೆಮನೆಯ ಪಾತ್ರೆ, ಸೋಪು, ವಿಮೆ, ಉಳಿತಾಯದ ಯೋಜನೆ, ಇವುಗಳಲ್ಲಿ ಯಾವುದಾದರೊಂದನ್ನು ಮನೆ ಮನೆಗೆ ಹೋಗಿ ಮಾರಬೇಕು. ಮಾರಿದರೆ ಕಮೀಷನ್. ಸಂಬಳವಿಲ್ಲ, ಭತ್ಯವಿಲ್ಲ.

ಈ ಕೆಲಸವೆಲ್ಲ ಮೋಸವೆಂದು ಹೇಳುವುದು ಸರಿಯಲ್ಲ. ಇದರಿಂದ ಸಂಸಾರ ಸಾಗಿಸಿ ಮಕ್ಕಳನ್ನು ಓದಿಸಿದವರು ನಮ್ಮ ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಸುಗ್ಗಿಯ ಹಣ ಹಾಕಿ ಕೈ ಸುಟ್ಟುಕೊಂಡವರೂ ಇದ್ದಾರೆ. ಎರಡಕ್ಕೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಅದೃಷ್ಟದ್ದಲ್ಲ, ಲೆಕ್ಕದ್ದು. ಬಿತ್ತುವ ಮೊದಲು ಬೀಜ, ಗೊಬ್ಬರ, ಆಳಿನ ಖರ್ಚನ್ನು ಎಣಿಸುವ ನಿಮಗೆ ಈ ಲೆಕ್ಕ ಕಷ್ಟವೇನೂ ಅಲ್ಲ.

ಕಮೀಷನ್ ಎಂದರೇನು?

ನಮ್ಮಲ್ಲಿ ಹಿಂದಿನಿಂದಲೂ ವಾರಕ್ಕೆ ಮಾಡುವುದು, ಕೋರಿಗೆ ಮಾಡುವುದು, ಪಾಲಿಗೆ ಮಾಡುವುದು ಎಂಬ ಮಾತುಗಳಿವೆ. ದುಡಿದವನಿಗೆ ಬೆಳೆಯಲ್ಲಿ ಪಾಲು. ಬೆಳೆ ಬಂದರೆ ಧಾನ್ಯ, ಬಾರದಿದ್ದರೆ ಬರಿಗೈ. ಕಮೀಷನ್ ಕೆಲಸವೂ ಇದೇ ಜಾತಿಯದು. ತಿಂಗಳ ಸಂಬಳದವನು ಒಂದು ದಿನ ಏನೂ ಮಾರದಿದ್ದರೂ ಆ ದಿನದ ನಷ್ಟ ಯಜಮಾನನದು. ಕಮೀಷನ್ನಿನವನು ಏನೂ ಮಾರದಿದ್ದರೆ ಆ ದಿನದ ನಷ್ಟವೆಲ್ಲ ಅವನದೇ. ಅವನು ತಿರುಗಿದ ದಾರಿ, ಸುಟ್ಟ ಪೆಟ್ರೋಲು, ಆಡಿದ ಮಾತು ಯಾವುದಕ್ಕೂ ಕಂಪೆನಿ ಒಂದು ಪೈಸೆ ಕೊಡುವುದಿಲ್ಲ.

ಆದರೆ ವಾರದ ಬೇಸಾಯಕ್ಕೂ ಇದಕ್ಕೂ ಒಂದು ಮುಖ್ಯವಾದ ಭೇದವಿದೆ. ವಾರಕ್ಕೆ ಮಾಡುವವನಿಗೆ ಒಡೆಯನು ಜಮೀನನ್ನಾದರೂ ಕೊಡುತ್ತಾನೆ. ಇಲ್ಲಿ ಜಮೀನು ಯಾರದು? ಏಜೆಂಟನಾದವನು ಮೊದಲು ಹೋಗುವುದು ಸೋದರಮಾವನ ಮನೆಗೆ, ಅಕ್ಕನ ಮನೆಗೆ, ಪಕ್ಕದ ಮನೆಗೆ, ಓದಿಸಿದ ಮೇಷ್ಟರ ಮನೆಗೆ. ಅವರು ಕೊಳ್ಳುವುದು ಸಾಮಾನಿನ ಗುಣ ನೋಡಿ ಅಲ್ಲ, ಹುಡುಗನ ಮುಖ ನೋಡಿ. ನಾಲ್ಕಾರು ತಲೆಮಾರು ನಡೆದುಕೊಂಡು ಬಂದ ರೀತಿಯಿಂದ ನಿಮ್ಮ ಮನೆತನ ಗಳಿಸಿದ ನಂಬಿಕೆಯೇ ಇಲ್ಲಿನ ಜಮೀನು. ಅದನ್ನು ಉಳುವುದಕ್ಕೆ ಕಂಪೆನಿಯು ಗುತ್ತಿಗೆಯನ್ನೇನೂ ಕೊಡುವುದಿಲ್ಲ. ಸಾಮಾನು ಕೆಟ್ಟರೆ ಕಂಪೆನಿಯವರು ಬೇರೆ ತಾಲ್ಲೂಕಿಗೆ ಹೋಗುತ್ತಾರೆ. ನೀವು ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಬಾಳಬೇಕು.

ಇನ್ನೊಂದು ಮಾತು. ಹೊಸ ಏಜೆಂಟನಿಗೆ ಮೊದಲ ತಿಂಗಳು ವ್ಯಾಪಾರ ಚೆನ್ನಾಗಿ ಆಗುವುದುಂಟು. ಅದನ್ನು ನೋಡಿ ಉಬ್ಬಬಾರದು. ಅದು ನೆಂಟರಿಷ್ಟರ ಬೆಳೆ. ಒಂದೇ ಸಲ ಬರುವಂಥದು. ಗುರುತಿಲ್ಲದ ಮನೆಗಳಲ್ಲಿ ಆಗುವ ವ್ಯಾಪಾರವೇ ನಿಜವಾದ ವ್ಯಾಪಾರ.

ಒಂದು ತಿಂಗಳ ಲೆಕ್ಕ

ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ಇಟ್ಟುಕೊಳ್ಳೋಣ. ಅಂಕಿಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿರಿ.

ಸಾಮಾನಿನ ಬೆಲೆ 2,000 ರೂಪಾಯಿ. ಕಮೀಷನ್ ನೂರಕ್ಕೆ ಹತ್ತು, ಅಂದರೆ ಒಂದಕ್ಕೆ 200 ರೂಪಾಯಿ. ಹುಡುಗನು ದಿನಕ್ಕೆ 40 ಮನೆ ತಿರುಗುತ್ತಾನೆ. ಕೆಲವು ಮನೆಗಳ ಬಾಗಿಲು ಹಾಕಿರುತ್ತದೆ. ಕೆಲವರು ಹೊಲಕ್ಕೆ ಹೋಗಿರುತ್ತಾರೆ. ಕೆಲವರು ಕೇಳಿ, ಮುಂದಿನ ವಾರ ಬಾ ಎನ್ನುತ್ತಾರೆ. ಒಬ್ಬರು ಕೊಳ್ಳುತ್ತಾರೆ. ತಿಂಗಳಿಗೆ 26 ದಿನ ದುಡಿದರೆ 26 ಮಾರಾಟ. ಕಮೀಷನ್ 5,200 ರೂಪಾಯಿ.

ಇನ್ನು ಖರ್ಚು. ದಿನಕ್ಕೆ 60 ಕಿಲೋಮೀಟರ್ ಸುತ್ತಾಟ. ಬೈಕು ಲೀಟರಿಗೆ 50 ಕಿಲೋಮೀಟರ್ ಓಡಿದರೆ, ಲೀಟರಿಗೆ 100 ರೂಪಾಯಿಯಂತೆ ಹಿಡಿದರೂ ದಿನಕ್ಕೆ 120 ರೂಪಾಯಿ. ತಿಂಗಳಿಗೆ 3,120 ರೂಪಾಯಿ. ಊಟ, ಕಾಫಿ ದಿನಕ್ಕೆ 60 ರೂಪಾಯಿಯಂತೆ 1,560 ರೂಪಾಯಿ. ಫೋನಿಗೆ 300 ರೂಪಾಯಿ. ಒಟ್ಟು ಖರ್ಚು 4,980 ರೂಪಾಯಿ.

ಉಳಿದದ್ದು 220 ರೂಪಾಯಿ. ಎರಡು ಸಾಮಾನು ಹಿಂದಕ್ಕೆ ಬಂದವೆನ್ನಿ. ಕಂಪೆನಿಯು ಅವುಗಳ ಕಮೀಷನ್ 400 ರೂಪಾಯಿಯನ್ನು ಮುರಿದುಕೊಳ್ಳುತ್ತದೆ. ಆಗ ಕೈಯಿಂದ 180 ರೂಪಾಯಿ ನಷ್ಟ. ಬೈಕಿನ ಟೈರು, ರಿಪೇರಿ, ಸಾಲದ ಕಂತು ಇವನ್ನು ನಾವು ಇನ್ನೂ ಎಣಿಸಿಯೇ ಇಲ್ಲ. ಕಂಪೆನಿಗೆ ಮಾತ್ರ ಆ ತಿಂಗಳು ನಿಮ್ಮ ಹೋಬಳಿಯಲ್ಲಿ 48,000 ರೂಪಾಯಿಯ ವ್ಯಾಪಾರವಾಗಿದೆ.

ಈ ಲೆಕ್ಕದಿಂದ ಒಂದು ಪಾಠ ದೊರೆಯುತ್ತದೆ. ದಿನದ ಖರ್ಚು ಸುಮಾರು 190 ರೂಪಾಯಿ, ಒಂದು ಮಾರಾಟದ ಕಮೀಷನ್ 200 ರೂಪಾಯಿ. ಅಂದರೆ ದಿನದ ಮೊದಲನೆಯ ಮಾರಾಟ ಖರ್ಚಿಗೆ ಹೋಯಿತು. ಎರಡನೆಯದು ಮಾತ್ರ ಮನೆಗೆ ಬರುತ್ತದೆ. ಆದ್ದರಿಂದ ಯಾವ ಕಂಪೆನಿಯವರು ಬಂದರೂ ಮೊದಲು ಹೀಗೆ ಕೇಳಿಕೊಳ್ಳಿರಿ: ದಿನದ ಖರ್ಚು ತೀರುವುದಕ್ಕೆ ಎಷ್ಟು ಮಾರಾಟವಾಗಬೇಕು? ನಮ್ಮ ಊರಿನ ದಿನಗೂಲಿಯಷ್ಟಾದರೂ ಉಳಿಯುವುದಕ್ಕೆ ಎಷ್ಟಾಗಬೇಕು? ಅಷ್ಟು ಮನೆಗಳು ನಮ್ಮ ಸುತ್ತಮುತ್ತ ಇವೆಯೇ?

ನಡೆದುಬಂದ ಒಂದು ಒಳ್ಳೆಯ ಉದಾಹರಣೆ

ಕಮೀಷನ್ ಮೇಲೆ ಮನೆ ಮನೆಗೆ ಹೋಗುವ ಕೆಲಸ ನೆಲೆನಿಂತ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು ಒಂದು ಸಣ್ಣ ಬ್ಯಾಂಕನ್ನು ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡು ಆಣೆಯಷ್ಟು ಅಲ್ಪ ಹಣವನ್ನೂ ಏಜೆಂಟರು ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಪಡೆದುಕೊಂಡು ಹೋಗುತ್ತಿದ್ದರು. ಇಂದಿಗೂ ನಮ್ಮ ಸಹಕಾರ ಸಂಘಗಳಲ್ಲಿ ಪಿಗ್ಮಿ ಎಂಬ ಮಾತು ಬಳಕೆಯಲ್ಲಿದೆ.

ಈ ಕೆಲಸ ಏಕೆ ನಿಂತಿತು? ಮೊದಲನೆಯದಾಗಿ, ಏಜೆಂಟನ ದಾರಿ ಚಿಕ್ಕದು. ಅದೇ ಬೀದಿ, ಅದೇ ಅಂಗಡಿಗಳು. ಎರಡನೆಯದಾಗಿ, ಒಮ್ಮೆ ಸೇರಿದ ಗಿರಾಕಿ ಪ್ರತಿದಿನವೂ ಕೊಡುತ್ತಾನೆ. ದಿನಾ ಹೊಸಬರನ್ನು ಹುಡುಕಬೇಕಾಗಿಲ್ಲ. ಮೂರನೆಯದಾಗಿ, ಕೊಟ್ಟ ಹಣ ಕೊಟ್ಟವನ ಹೆಸರಿನಲ್ಲೇ ಬೆಳೆಯುತ್ತದೆ. 150 ಅಂಗಡಿಗಳು ದಿನಕ್ಕೆ 100 ರೂಪಾಯಿಯಂತೆ ಕಟ್ಟಿದರೆ ದಿನಕ್ಕೆ 15,000, 26 ದಿನಕ್ಕೆ 3,90,000 ರೂಪಾಯಿ. ಲೆಕ್ಕಕ್ಕಾಗಿ ಕಮೀಷನ್ ನೂರಕ್ಕೆ ಮೂರು ಎಂದು ಹಿಡಿದರೆ 11,700 ರೂಪಾಯಿ. ದಾರಿ ಚಿಕ್ಕದಾದ್ದರಿಂದ ಪೆಟ್ರೋಲು, ಫೋನು ಸೇರಿ ಖರ್ಚು ಸಾವಿರದೊಳಗೆ ಮುಗಿಯುತ್ತದೆ. ಆದರೆ 150 ಗಿರಾಕಿಗಳು ಒಂದೇ ತಿಂಗಳಲ್ಲಿ ಸಿಕ್ಕುವವರಲ್ಲ. ತೆಂಗಿನ ಸಸಿಯಂತೆ ಕಾದು ಬೆಳೆಸಬೇಕು.

ಈ ಏಜೆಂಟರೂ ಬಹಳ ವರ್ಷ ಬರಿಯ ಕಮೀಷನ್ ಮೇಲೆಯೇ ದುಡಿದರು. ಅವರ ದೂರು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಲಿಗೆ ಹೋಯಿತು. ತಿಂಗಳಿಗೆ ಕನಿಷ್ಠ 7,500 ರೂಪಾಯಿ ಸಂಗ್ರಹಿಸುವವರಿಗೆ 750 ರೂಪಾಯಿಯ ಆಧಾರ ವೇತನ ಕೊಡಬೇಕೆಂದು ಆ ಮಂಡಲಿಯು 1988ರಲ್ಲಿ ತೀರ್ಪಿತ್ತಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿನವರೆಗೂ ಹೋದವು. ಈ ಸಂಗ್ರಾಹಕರು ಕೆಲಸಗಾರರೇ, ಅವರ ಕಮೀಷನ್ ಕೂಡ ಕೂಲಿಯೇ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು. ಈ ತೀರ್ಪು ಬ್ಯಾಂಕಿನ ಠೇವಣಿ ಸಂಗ್ರಾಹಕರದು. ಸೋಪು, ಪಾತ್ರೆ ಮಾರುವ ಎಲ್ಲ ಏಜೆಂಟರಿಗೂ ತಾನಾಗಿ ಅನ್ವಯಿಸುವುದಿಲ್ಲ. ಆದರೂ ಬಿದ್ದಾಗ ಹಿಡಿಯುವುದಕ್ಕೆ ಒಂದು ಆಧಾರ ಬೇಕೆಂಬುದನ್ನು ಇದು ಎತ್ತಿ ತೋರಿಸುತ್ತದೆ. ಕಂಪೆನಿಯವರನ್ನು ನೀವೂ ಕೇಳಬಹುದು: ಮೊದಲ ಮೂರು ತಿಂಗಳಾದರೂ ಏನಾದರೂ ಖಚಿತವಾದ ಹಣ ಉಂಟೇ?

ವಿಮೆಯ ಏಜೆನ್ಸಿ

ಭಾರತೀಯ ಜೀವ ವಿಮಾ ನಿಗಮವು 1956ರ ಸೆಪ್ಟೆಂಬರ್ 1ರಂದು ಸ್ಥಾಪನೆಯಾದಾಗಿನಿಂದ ಹಳ್ಳಿಗಳಲ್ಲಿ ವಿಮೆಯ ಏಜೆಂಟರು ಪರಿಚಿತರು. ಇದಕ್ಕೆ ಪರೀಕ್ಷೆ ಪಾಸು ಮಾಡಬೇಕು. ವಿಮಾ ಸಂಸ್ಥೆಯ ನೇಮಕ ಪತ್ರ ಬೇಕು. ಜೀವ ವಿಮೆಯಲ್ಲಿ ಮೊದಲ ವರ್ಷದ ಕಂತಿನ ಮೇಲೆ ಕಮೀಷನ್ ಸಾಮಾನ್ಯವಾಗಿ ಹೆಚ್ಚು. ಮುಂದಿನ ವರ್ಷಗಳಲ್ಲಿ ಕಡಿಮೆ. ಆದ್ದರಿಂದ ಹೊಸ ಪಾಲಿಸಿಯ ಕಡೆಗೇ ಏಜೆಂಟನ ಮನಸ್ಸು ಎಳೆಯುವುದುಂಟು. ಮಳೆ ಕೈಕೊಟ್ಟರೆ ಕಂತು ಕಟ್ಟಲಾರದ ಮನೆಗೆ ದೊಡ್ಡ ಪಾಲಿಸಿಯನ್ನು ಹೊರಿಸಿದರೆ, ಎರಡನೆಯ ವರ್ಷ ಪಾಲಿಸಿ ನಿಂತುಹೋಗುತ್ತದೆ. ಆ ಮನೆಯವರು ಕಟ್ಟಿದ ಹಣದ ಬಹುಭಾಗವನ್ನು ಕಳೆದುಕೊಳ್ಳಬಹುದು. ಆ ಮನೆಯ ಬಾಗಿಲು ಏಜೆಂಟನಿಗೆ ಶಾಶ್ವತವಾಗಿ ಮುಚ್ಚುತ್ತದೆ. ಚಿಕ್ಕ ಕಂತಾದರೂ ಕೊನೆಯವರೆಗೆ ನಡೆಯುವ ಪಾಲಿಸಿಯೇ ಇಬ್ಬರಿಗೂ ಲಾಭ.

ನೆನಪಿಡಿರಿ: ಗಿರಾಕಿಯನ್ನು ಒಲಿಸುವುದಕ್ಕಾಗಿ ತನ್ನ ಕಮೀಷನ್ನಿನಲ್ಲಿ ಪಾಲು ಕೊಡುವುದನ್ನು 1938ರ ವಿಮಾ ಕಾಯಿದೆಯ 41ನೆಯ ಕಲಮು ನಿಷೇಧಿಸುತ್ತದೆ. ಅಂಥ ಪಾಲನ್ನು ಪಡೆಯುವುದೂ ತಪ್ಪೇ.

ಸರಪಳಿಯಿಂದ ದೂರವಿರಿ

ಕೆಲವರು ಸಾಮಾನು ಮಾರುವುದಕ್ಕಿಂತ ಜನರನ್ನು ಸೇರಿಸುವುದರ ಮೇಲೆ ಹೆಚ್ಚು ಒತ್ತು ಕೊಡುತ್ತಾರೆ. ನೀವು ಹಣ ಕಟ್ಟಿ ಸೇರಿ. ಆರು ಮಂದಿಯನ್ನು ಸೇರಿಸಿ. ಅವರು ತಲಾ ಆರು ಮಂದಿಯನ್ನು ಸೇರಿಸಲಿ. ನೀವು ಕುಳಿತಲ್ಲೇ ಹಣ ಬರುತ್ತದೆ ಎನ್ನುತ್ತಾರೆ. ಇದನ್ನು ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಗುಣಾಕಾರ ಮಾಡಿಸಿ ನೋಡಿರಿ. 6, 36, 216, 1,296, 7,776. ಹತ್ತನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ 6,04,66,176 ಮಂದಿ ಬೇಕಾಗುತ್ತಾರೆ. 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಮೊದಲ ಒಂಬತ್ತು ಮೆಟ್ಟಿಲಿನವರನ್ನೂ ಕೂಡಿದರೆ 7 ಕೋಟಿ 25 ಲಕ್ಷ ದಾಟುತ್ತದೆ. ತೊಟ್ಟಿಲ ಕೂಸನ್ನು ಸೇರಿಸಿದರೂ ಅಷ್ಟು ಜನ ಸಿಕ್ಕುವುದಿಲ್ಲ. ಸರಪಳಿ ಅದಕ್ಕೂ ಬಹಳ ಮುಂಚೆಯೇ ಹರಿಯುತ್ತದೆ. ಹರಿದಾಗ ಕೊನೆಗೆ ಸೇರಿದವರ ಹಣ ಮುಳುಗುತ್ತದೆ. ಮತ್ತು ಕೊನೆಗೆ ಸೇರಿದವರೇ ಎಲ್ಲರಿಗಿಂತ ಹೆಚ್ಚು ಮಂದಿ.

ಇಂಥ ಹಣ ಚಲಾವಣೆಯ ಯೋಜನೆಗಳನ್ನು 1978ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. ನಡೆಸುವುದಷ್ಟೇ ಅಲ್ಲ, ಸದಸ್ಯರಾಗುವುದೂ ಅದಕ್ಕಾಗಿ ಹಣ ಪಡೆಯುವುದೂ ಕಳುಹಿಸುವುದೂ ನಿಷಿದ್ಧ. ಆದ್ದರಿಂದ ನೆರೆಯವರನ್ನು ಸೇರಿಸಿದ ಹುಡುಗನೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದೀತು.

ಕಾಯಿದೆಯಲ್ಲಿ ನಿಮಗಿರುವ ರಕ್ಷಣೆ

2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ನೇರ ಮಾರಾಟದ ನಿಯಮಗಳನ್ನು ಹೊರಡಿಸಿತು. ಅವುಗಳಲ್ಲಿ ಮುಖ್ಯವಾದವು ಇವು. ಕೆಲಸಕ್ಕೆ ಸೇರಿಸಿಕೊಳ್ಳಲು ಪ್ರವೇಶ ಶುಲ್ಕ ಕೇಳಬಾರದು. ಮಾದರಿ ಸಾಮಾನು ಕೊಳ್ಳಲೇಬೇಕೆಂದು ಕಡ್ಡಾಯ ಮಾಡಬಾರದು. ತಿಂಗಳ ಚಂದಾ, ನವೀಕರಣದ ಹಣ ಕೇಳಬಾರದು. ಇನ್ನೊಬ್ಬರನ್ನು ಸೇರಿಸಿದ್ದಕ್ಕಾಗಿ ಮಾತ್ರ ಹಣ ಕೊಡಬಾರದು. ಏಜೆಂಟನೊಡನೆ ಬರವಣಿಗೆಯ ಕರಾರು ಇರಬೇಕು. ಮಾರುವವನ ಬಳಿ ಗುರುತಿನ ಚೀಟಿ ಇರಬೇಕು. ಮೊದಲೇ ಒಪ್ಪಿಗೆ ಪಡೆಯದೆ ಗಿರಾಕಿಯ ಮನೆಗೆ ನುಗ್ಗಬಾರದು.

ರೈತರಾದ ನೀವು ಇನ್ನೊಂದನ್ನು ತಿಳಿದಿರಬೇಕು. ಬೀಜ, ರಸಗೊಬ್ಬರ, ಕೀಟನಾಶಕಗಳು ಸೋಪು ಮಾರಿದಂತೆ ಚೀಲದಲ್ಲಿಟ್ಟು ಮಾರುವ ವಸ್ತುಗಳಲ್ಲ. 1968ರ ಕೀಟನಾಶಕ ಕಾಯಿದೆ, 1983ರ ಬೀಜ ನಿಯಂತ್ರಣ ಆಜ್ಞೆ, 1985ರ ರಸಗೊಬ್ಬರ ನಿಯಂತ್ರಣ ಆಜ್ಞೆ, ಇವು ಬಂದ ಮೇಲೆ ಇವನ್ನು ಮಾರುವುದಕ್ಕೆ ಅಧಿಕೃತ ಪರವಾನಗಿ ಬೇಕು. ಬೆಳೆ ಇಮ್ಮಡಿಯಾಗುವ ಟಾನಿಕ್ಕು ಎಂದು ಸೀಸೆ ಕೊಟ್ಟು ಮಾರಲು ಹೇಳಿದರೆ, ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿರಿ. ಒಂದು ಸಾಮಾನು ಕೆಟ್ಟರೆ ಗಿರಾಕಿಗೆ ಎರಡು ಸಾವಿರ ನಷ್ಟ. ಒಂದು ಸೀಸೆ ಕೆಟ್ಟರೆ ಒಂದು ಮನೆಯ ಇಡೀ ವರ್ಷದ ಬೆಳೆ ನಷ್ಟ.

ಒಪ್ಪುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಕೆಲಸ ಕೊಡಲು ಹಣ ಕೇಳುತ್ತಾರೆಯೇ? ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿರಿ. ದುಡಿಸಿಕೊಳ್ಳುವವನು ಆಳಿಗೆ ಮುಂಗಡ ಕೊಡುವುದನ್ನು ನೋಡಿದ್ದೇವೆ. ಆಳೇ ಯಜಮಾನನಿಗೆ ಮುಂಗಡ ಕೊಡುವುದು ಎಲ್ಲಿಯೂ ಇಲ್ಲ.

2. ಕಂಪೆನಿಯ ಕಚೇರಿ ಎಲ್ಲಿದೆ? ಫೋನಿನ ನಂಬರು ಸಾಲದು. ಹೋಗಿ ಕಣ್ಣಾರೆ ನೋಡಿ ಬನ್ನಿರಿ.

3. ಕಮೀಷನ್ ಯಾವ ದಿನ ಕೈಗೆ ಬರುತ್ತದೆ? ಮಾರಿದ ದಿನವೇ, ಗಿರಾಕಿ ಪೂರ್ತಿ ಹಣ ಕಟ್ಟಿದ ಮೇಲೆಯೇ, ಗುರಿ ಮುಟ್ಟಿದ ಮೇಲೆಯೇ?

4. ಸಾಮಾನು ಹಿಂದಕ್ಕೆ ಬಂದರೆ, ಗಿರಾಕಿ ಕಂತು ನಿಲ್ಲಿಸಿದರೆ ನಷ್ಟ ಯಾರದು?

5. ಮಾರಾಟವಾಗದೆ ಉಳಿದ ಸಾಮಾನನ್ನು ಕಂಪೆನಿ ಹಿಂದಕ್ಕೆ ತೆಗೆದುಕೊಳ್ಳುತ್ತದೆಯೇ?

6. ಕೆಟ್ಟ ಸಾಮಾನನ್ನು ರಿಪೇರಿ ಮಾಡುವವರು ತಾಲ್ಲೂಕಿನಲ್ಲಿ ಇದ್ದಾರೆಯೇ?

7. ಇದೇ ಕೆಲಸವನ್ನು ಒಂದು ವರ್ಷ ಮಾಡಿದವರು ಯಾರು? ಅವರು ಮಾರಿದ ಮನೆಗಳಿಗೆ ಹೋಗಿ ವಿಚಾರಿಸಿರಿ.

8. ಈ ಮಾತುಗಳೆಲ್ಲ ಕಾಗದದ ಮೇಲೆ ಇವೆಯೇ? ಓದದೆ ರುಜು ಹಾಕಬೇಡಿರಿ. ಖಾಲಿ ಚೆಕ್ಕಿಗಂತೂ ರುಜು ಹಾಕಲೇಬೇಡಿರಿ.

ಕೆಲಸಕ್ಕೆ ಇಳಿದವರಿಗೆ ಕೆಲವು ಸೂಚನೆಗಳು

ಒಂದು ಪುಸ್ತಕವಿಟ್ಟು ಪ್ರತಿ ಸಂಜೆ ತಿರುಗಿದ ಮನೆ, ಮಾರಾಟ, ಖರ್ಚು ಮೂರನ್ನೂ ಬರೆಯಿರಿ. ಮೂರು ತಿಂಗಳ ಗಡುವು ಹಾಕಿಕೊಳ್ಳಿರಿ. ಖರ್ಚು ಕಳೆದು ದಿನಗೂಲಿಯಷ್ಟೂ ಉಳಿಯದಿದ್ದರೆ ಬಿಟ್ಟುಬಿಡುವುದರಲ್ಲಿ ಅವಮಾನವೇನೂ ಇಲ್ಲ. ಮೊಳೆಯದ ಬೀಜಕ್ಕೆ ನೀರು ಹಾಯಿಸುತ್ತಾ ಕುಳಿತುಕೊಳ್ಳುವ ರೈತನುಂಟೇ?

ಬರುವ ಕಮೀಷನ್ನನ್ನು ನಂಬಿ ಬೈಕಿಗೆ ಸಾಲ ಮಾಡಬೇಡಿರಿ; ಅದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಗುರಿ ಮುಟ್ಟುವುದಕ್ಕಾಗಿ ಮನೆಯವರ ಹೆಸರಿನಲ್ಲಿ ನೀವೇ ಕೊಂಡು ಅಟ್ಟದ ಮೇಲೆ ತುಂಬಬೇಡಿರಿ. ಗಿರಾಕಿಯ ಹಣಕ್ಕೆ ಆಗಲೇ ರಸೀತಿ ಕೊಡಿರಿ. ಅಂದಿನ ಹಣವನ್ನು ತಡಮಾಡದೆ ಕಟ್ಟಿಬಿಡಿರಿ. ಒಂದು ದಿನದ ಮಟ್ಟಿಗೆಂದು ಮನೆಯ ಖರ್ಚಿಗೆ ಬಳಸಿದ ಗಿರಾಕಿಯ ಹಣ ಸುಲಭವಾಗಿ ತುಂಬಿಬರುವುದಿಲ್ಲ.

ಕಂಪೆನಿಯು ಅಪಘಾತದ ಹೊಣೆ ಹೊರುವುದು ಅಪರೂಪ. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಂತು. ಅಪಘಾತದಲ್ಲಿ ಮರಣವಾದರೆ ಎರಡು ಲಕ್ಷ ರೂಪಾಯಿಯ ಪರಿಹಾರ. 18ರಿಂದ 70 ವರ್ಷದವರೆಗಿನವರು ಖಾತೆಯಿರುವ ಬ್ಯಾಂಕಿನಲ್ಲೇ ಸೇರಬಹುದು. ಬೈಕಿನ ಮೇಲೆ ತಿರುಗುವವರು ಇದನ್ನು ತಪ್ಪಿಸಬಾರದು.

ಹೆಣ್ಣುಮಕ್ಕಳು ಹೋಗುವುದಾದರೆ ಇಬ್ಬರು ಜೊತೆಯಾಗಿ, ಹಗಲಿನಲ್ಲಿ, ಯಾವ ಊರಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿ ಹೋಗಲಿ.

ಮೋಸವಾದರೆ ನಾಚಿಕೆಪಟ್ಟು ಸುಮ್ಮನಿರಬೇಡಿರಿ. ಕೊಂಡ ಸಾಮಾನಿನ ಬಗ್ಗೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಹಣ ಕಟ್ಟಿಸಿಕೊಂಡು ವಂಚಿಸಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಟ್ಟು ಅದಕ್ಕೆ ರಸೀತಿ ಪಡೆಯಿರಿ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ಉಚಿತವಾಗಿ ಸಲಹೆ ದೊರೆಯುತ್ತದೆ.

ಬಳೆಗಾರನ ಪಾಠ

ಮನೆ ಮನೆಗೆ ಹೋಗಿ ಮಾರುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬಳೆಗಾರನು ಮಲಾರವನ್ನು ಹೊತ್ತು ಬಂದರೆ ಹೆಂಗಸರು ಮಣೆ ಹಾಕಿ ಕೂರಿಸುತ್ತಿದ್ದರು. ಅವನು ತನ್ನ ದುಡ್ಡಿನಲ್ಲಿ ತಂದ ಸರಕನ್ನು ತಾನೇ ಬೆಲೆ ಕಟ್ಟಿ ಮಾರುತ್ತಿದ್ದ. ಒಡೆದ ಬಳೆಯನ್ನು ಯಾರಿಗೂ ತೊಡಿಸುತ್ತಿರಲಿಲ್ಲ. ಮುಂದಿನ ಹಬ್ಬಕ್ಕೆ ಅವನು ಅದೇ ಬಾಗಿಲಿಗೆ ಬರಬೇಕಾಗಿತ್ತು.

ನಿಮ್ಮ ಮಗನೋ ಮಗಳೋ ಚೀಲ ಹಿಡಿದು ಹೊರಡುವಾಗ ಇದೊಂದನ್ನು ಕೇಳಿ ನೋಡಿರಿ: ಇಂದು ಮಾರಿದ ಮನೆಗೆ ಮುಂದಿನ ವರ್ಷ ತಲೆಯೆತ್ತಿ ಹೋಗಬಲ್ಲೆಯಾ? ಹೌದೆಂಬ ಉತ್ತರ ಬಂದರೆ, ಖರ್ಚಿನ ಲೆಕ್ಕವೂ ಸರಿ ಕಂಡರೆ, ಹರಸಿ ಕಳುಹಿಸಿರಿ. ಇಲ್ಲವಾದರೆ ಆ ಚೀಲವನ್ನು ಅಂದೇ ಕಂಪೆನಿಗೆ ಹಿಂದಿರುಗಿಸುವುದು ಲೇಸು.